ಅಲೆಯ ಆಟ ಯಾರದ್ದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಮೂಲ್ಕಿ ಹತ್ತಿರದ ಸಸಿಹಿತ್ಲು ಬೀಚಿನ ಸರ್ಫಿಂಗ್ ಫೋಟೋ, ಅಂದರೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟದ ಫೋಟೋ, ಹಾಕಿದ್ದೆವು. ಆಮೇಲೆ ಬಂದ ಪತ್ರ, ಮೆಸೇಜುಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್ಫಿಂಗ್ ಅಂದರೆ ಅಮೆರಿಕ, ಆಸ್ಟ್ರೇಲಿಯಾದ ದುಡ್ಡಿದ್ದವರ ಶೋಕಿ. ನಮ್ಮ ಕರಾವಳಿಗೂ ಅದಕ್ಕೂ ಏನು ಸಂಬಂಧ? ಮೀನುಗಾರರ ಮಕ್ಕಳಿಗೆ ಈ ಹುಚ್ಚು ಯಾಕೆ ಹಿಡಿಸುತ್ತೀರಿ? (ನಿವೃತ್ತ ಶಿಕ್ಷಕರು, ಪಡುಬಿದ್ರಿ)

ಸರ್, ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಈ ಆಟವನ್ನು ಬೆಳೆಸಿದ್ದು ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಮೀನು ಹಿಡಿದು, ದೋಣಿ ಓಡಿಸಿ ಬದುಕಿದ ಜನ. ಅದರಲ್ಲೂ ಹವಾಯಿಯವರು. ಇಂಗ್ಲೆಂಡಿನ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗುಗಳು 1778ರಲ್ಲಿ ಹವಾಯಿ ಮುಟ್ಟಿದವು. ಮರುವರ್ಷ ಕುಕ್ ಅಲ್ಲಿನ ಜನರ ಜೊತೆ ಜಗಳವಾಗಿ ಕೇಲಕೆಕುವಾ ಕೊಲ್ಲಿಯಲ್ಲಿ ಸತ್ತ. ಅವನ ಜೊತೆಗಿದ್ದ ಜೇಮ್ಸ್ ಕಿಂಗ್ ಅನ್ನುವ ಅಧಿಕಾರಿ ತನ್ನ ಬರವಣಿಗೆಯಲ್ಲಿ, ಅಲ್ಲಿನವರು ಹಲಗೆ ಹಿಡಿದು ದೊಡ್ಡ ಅಲೆ ಏಳುವ ಜಾಗದ ತನಕ ಈಜಿ ಹೋಗಿ, ಅಲೆಯ ಮೇಲೆ ಹಲಗೆ ಇಟ್ಟು ದಡಕ್ಕೆ ಹಾರಿಬರುವುದನ್ನು ಬೆರಗಿನಿಂದ ದಾಖಲಿಸಿದ. ಅಂದರೆ ಬಿಳಿಯರು ನೋಡುವ ಎಷ್ಟೋ ಕಾಲದ ಹಿಂದೆಯೇ ಅದು ಅಲ್ಲಿ ಪಳಗಿದ ವಿದ್ಯೆ.

ಅಲ್ಲಿ ರಾಜರೂ ಆಡುತ್ತಿದ್ದರು, ಜನಸಾಮಾನ್ಯರೂ ಆಡುತ್ತಿದ್ದರು. ಹೆಂಗಸರು, ಮಕ್ಕಳು ಕೂಡ. ಹಲಗೆಗೆ ಮರ ಕಡಿಯುವ ಮುಂಚೆ ಬುಡದಲ್ಲಿ ಒಂದು ಕೆಂಪು ಮೀನು ಇಟ್ಟು ಪ್ರಾರ್ಥನೆ ಮಾಡುವ ಪದ್ಧತಿ ಇತ್ತು. ಯಾವ ಮರ ಗೊತ್ತಾ? ಅಲೈಯಾ ಅನ್ನುವ ತೆಳ್ಳಗಿನ ಹಲಗೆಗೆ ಕೋವಾ ಅಥವಾ ಜೀಗುಜ್ಜೆ ಮರ. ಹೌದು, ನಾವು ಪೋಡಿ ಮಾಡಿ ತಿನ್ನುವ ಅದೇ ಜೀಗುಜ್ಜೆ. ಓಲೋ ಅನ್ನುವ ಉದ್ದದ ಹಲಗೆ ಹೆಚ್ಚಾಗಿ ಅರಸು ಮನೆತನದವರದ್ದು. ಅದಕ್ಕೆ ವಿಲಿವಿಲಿ ಮರ ಬೇಕಿತ್ತು. ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹೊಂಗಾರೆಯ ಹತ್ತಿರದ ಸಂಬಂಧಿ ಅದು, ತುಂಬ ಹಗುರ. ಕರಾವಳಿಯ ತೋಟ ನೋಡಿದವರಿಗೆ ಈ ಮರಗಳ ಪಟ್ಟಿ ಅಷ್ಟೇನೂ ಪರಕೀಯ ಅನಿಸಲಿಕ್ಕಿಲ್ಲ.

ಆಮೇಲಿನ ಕಥೆ ನೋವಿನದ್ದು. ಹೊರಗಿನವರ ಜೊತೆ ಬಂದ ರೋಗಗಳಿಗೆ ಹವಾಯಿಯವರ ದೇಹದಲ್ಲಿ ತಡೆಯುವ ಶಕ್ತಿ ಇರಲಿಲ್ಲ. ಕುಕ್ ಬಂದಾಗ ಲಕ್ಷಗಳ ಲೆಕ್ಕದಲ್ಲಿದ್ದ ಮೂಲನಿವಾಸಿಗಳು 1890ರ ಹೊತ್ತಿಗೆ ಸುಮಾರು 40 ಸಾವಿರಕ್ಕೆ ಇಳಿದಿದ್ದರು. 1820ರಲ್ಲಿ ಬಂದ ಮಿಷನರಿಗಳಿಗೆ ಗಂಡು ಹೆಣ್ಣು ಒಟ್ಟಿಗೆ ಅರೆಬೆತ್ತಲೆಯಾಗಿ ಅಲೆಯಲ್ಲಿ ಆಡುವುದು ಹಿಡಿಸಲಿಲ್ಲ. ಜನ ಸಕ್ಕರೆ ತೋಟಗಳ ಕೂಲಿಗೆ ಬಿದ್ದರು. 1893ರಲ್ಲಿ ಅಮೆರಿಕದ ವ್ಯಾಪಾರಿಗಳ ಗುಂಪು ರಾಣಿ ಲಿಲಿಯುಓಕಲಾನಿಯನ್ನು ಪಟ್ಟದಿಂದ ಇಳಿಸಿತು, 1898ರಲ್ಲಿ ದೇಶವೇ ಅಮೆರಿಕದ ಪಾಲಾಯಿತು. ಆಟ ಪೂರ್ತಿ ಸತ್ತಿತು ಅಂತ ಕೆಲವರು ಬರೆಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. 1885ರಲ್ಲಿ ಓದಲು ಹೋಗಿದ್ದ ಹವಾಯಿಯ ಮೂವರು ರಾಜಕುಮಾರರು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ, ನದಿ ಕಡಲು ಸೇರುವ ಅಳಿವೆಯಲ್ಲೇ, ಅಲ್ಲಿನ ಮರದಿಂದ ಹಲಗೆ ಮಾಡಿಸಿ ಅಲೆ ಹತ್ತಿ ತೋರಿಸಿದರು. ಆಟ ಸತ್ತಿದ್ದರೆ ಅವರಿಗೆ ಕಲಿಸಿದ್ದು ಯಾರು? ಜನ ಕಡಿಮೆಯಾದರು, ಆದರೂ ಕೈಬಿಡಲಿಲ್ಲ.

ಅಮೆರಿಕಕ್ಕೆ ಮತ್ತೆ ಅದನ್ನು ಒಯ್ದದ್ದೂ ಹವಾಯಿಯವರೇ. ಜಾರ್ಜ್ ಫ್ರೀತ್ 1907ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಇನ್ನೊಬ್ಬ ಡ್ಯೂಕ್ ಕಹಾನಮೋಕು. ವೈಕೀಕಿ ಬೀಚಿನ ಹುಡುಗ. ಅಲ್ಲಿ ಬಿಳಿಯರೇ ಹೆಚ್ಚಿದ್ದ ಕ್ಲಬ್ ಒಂದು 1908ರಲ್ಲಿ ಶುರುವಾಗಿತ್ತು, ಊರಿನ ಹುಡುಗರು 1911ರಲ್ಲಿ ಹುಯಿ ನಾಲು ಅಂತ ತಮ್ಮದೇ ಕ್ಲಬ್ ಕಟ್ಟಿದರು, ಡ್ಯೂಕ್ ಅದರಲ್ಲಿದ್ದ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ, 1920ರ ಆಂಟ್ವರ್ಪ್‌ನಲ್ಲಿ ಮತ್ತೆ ಚಿನ್ನ. 1914ರ ಕೊನೆಗೆ ಸಿಡ್ನಿಗೆ ಹೋದಾಗ ಅಲ್ಲಿನ ಪೈನ್ ಮರದಿಂದ ಹಲಗೆ ಮಾಡಿ ಫ್ರೆಶ್‌ವಾಟರ್ ಬೀಚಿನಲ್ಲಿ ಅಲೆ ಹತ್ತಿ ತೋರಿಸಿದ. ಆಸ್ಟ್ರೇಲಿಯಾದಲ್ಲಿ ಸರ್ಫಿಂಗ್ ಹಬ್ಬಿದ್ದೇ ಅಲ್ಲಿಂದ. ಆ ಹಲಗೆಯನ್ನು ಅಲ್ಲಿನ ಕ್ಲಬ್‌ನಲ್ಲಿ ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ.

ಇನ್ನು ಮೀನುಗಾರರ ಮಕ್ಕಳ ವಿಷಯ. ಪೆರುವಿನ ಹುವಾಂಚಾಕೋದಲ್ಲಿ ಜೊಂಡಿನ ಕಟ್ಟುಗಳಿಂದ ಮಾಡಿದ ಸಣ್ಣ ತೆಪ್ಪದಲ್ಲಿ ಮೀನುಗಾರರು ಈಗಲೂ ಕಡಲಿಗೆ ಹೋಗುತ್ತಾರೆ, ವಾಪಸ್ ಬರುವಾಗ ಅಲೆಯ ಮೇಲೆಯೇ ದಡಕ್ಕೆ ಬರುತ್ತಾರೆ. ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ನ, ಈಗಿನ ಘಾನಾದ, ಮಕ್ಕಳು ಹಲಗೆ ಹಿಡಿದು ಅಲೆಯಲ್ಲಿ ಆಡುವುದನ್ನು 1640ರ ದಶಕದಲ್ಲೇ ಯುರೋಪಿನವರೊಬ್ಬರು ಬರೆದಿದ್ದಾರೆ. ಎಲ್ಲೆಲ್ಲಿ ಜನ ದಿನಾ ಅಲೆ ದಾಟಿ ಮೀನಿಗೆ ಹೋಗುತ್ತಾರೋ ಅಲ್ಲೆಲ್ಲ ಈ ವಿದ್ಯೆ ಯಾವುದೋ ರೂಪದಲ್ಲಿ ಹುಟ್ಟಿದೆ. ನಮ್ಮ ನಾಡದೋಣಿಯವರನ್ನೇ ನೋಡಿ. ಮೂರ್ನಾಲ್ಕು ದೊಡ್ಡ ಅಲೆ ಹೋಗಲು ಬಿಟ್ಟು, ನಡುವಿನ ಸಣ್ಣ ಬಿಡುವಿನಲ್ಲಿ ಎಲ್ಲರೂ ಒಟ್ಟಿಗೆ ದೋಣಿ ನೂಕಿ ಹತ್ತುತ್ತಾರೆ. ಸರ್ಫಿಂಗ್ ಕಲಿಯುವವರು ದುಡ್ಡು ಕೊಟ್ಟು ಮೊದಲು ಕಲಿಯುವುದೇ ಈ ಅಲೆ ಓದುವ ವಿದ್ಯೆಯನ್ನು. ಅದು ಅಜ್ಜನಿಂದಲೇ ಬಂದಿರುವ ಮನೆಯ ಮಕ್ಕಳು ಈ ಆಟಕ್ಕೆ ಬೇಡ ಅಂದರೆ ಇನ್ಯಾರು ಬೇಕು? ಅವರೇ ಮುಂದೆ ನಿಲ್ಲಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಇಡೀ ದೇಶದಲ್ಲಿ ಇಷ್ಟು ಉದ್ದ ಕಡಲ ತೀರ ಇರುವಾಗ ಸರ್ಫಿಂಗ್ ನಮ್ಮ ಮೂಲ್ಕಿಗೆ ಬಂದದ್ದು ಹೇಗೆ? (ಪಿಯುಸಿ ವಿದ್ಯಾರ್ಥಿ, ಕಿನ್ನಿಗೋಳಿ)

ಒಬ್ಬ ಸ್ವಾಮೀಜಿಯಿಂದ! ಅಮೆರಿಕದಲ್ಲಿ ಹುಟ್ಟಿದ ಜ್ಯಾಕ್ ಹೆಬ್ನರ್ ಚಿಕ್ಕಂದಿನಿಂದ ಸರ್ಫಿಂಗ್ ಮಾಡುತ್ತಿದ್ದವರು. ಭಾರತಕ್ಕೆ ಬಂದು ವೈಷ್ಣವ ಸನ್ಯಾಸಿಯಾದರು, ಆದರೆ ಅಲೆ ಬಿಡಲಿಲ್ಲ. ಮೂಲ್ಕಿಯಲ್ಲಿ ಆಶ್ರಮ ಮಾಡಿಕೊಂಡು 2004ರಲ್ಲಿ ಸರ್ಫ್ ಕ್ಲಬ್ ಶುರು ಮಾಡಿದರು. ದೇಶದ ಮೊದಲ ಸರ್ಫ್ ಕ್ಲಬ್ ಅಂತ ಹೆಸರಾದದ್ದು ಅದೇ, ಮುಂದೆ ಮಂತ್ರ ಸರ್ಫ್ ಕ್ಲಬ್ ಆಯಿತು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಅಂತಲೇ ಕರೆದರು. 2020ರಲ್ಲಿ ತೀರಿಕೊಂಡರು.

ಮೂಲ್ಕಿಯೇ ಯಾಕೆ ಅಂದರೆ, ಅಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಸೇರಿ ಕಡಲಿಗೆ ಇಳಿಯುತ್ತವೆ. ನದಿ ತಂದ ಮರಳು ಅಳಿವೆಯ ಎದುರು ದಿಬ್ಬವಾಗಿ ಕೂರುತ್ತದೆ. ಅದರ ಮೇಲೆ ಬಂದ ಅಲೆ ಒಮ್ಮೆಲೇ ದಬಕ್ಕನೆ ಬೀಳದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಮುರಿಯುತ್ತಾ ಹೋಗುತ್ತದೆ. ಸರ್ಫಿಂಗ್‌ಗೆ ಬೇಕಾದ್ದು ಅಂಥ ಅಲೆ. ಹಿಂದೆ ನದಿಯ ಶಾಂತ ನೀರೂ ಇದೆ, ಹಾಗಾಗಿ ನಿಂತು ಹುಟ್ಟು ಹಾಕುವ ಪ್ಯಾಡ್ಲಿಂಗ್ ಕಲಿಯಲಿಕ್ಕೂ ಅನುಕೂಲ.

ಉಡುಪಿ ಕಡೆಯ ಕಥೆ ಬೇರೆ. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವಿಯಾ ಮತ್ತು ತುಷಾರ್ ಪಥಿಯಾನ್ ಸರ್ಫಿಂಗ್ ಕಲಿತು, ಶಾಕಾ ಸರ್ಫ್ ಕ್ಲಬ್ ಕಟ್ಟಿ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯಲ್ಲಿ ನೆಲೆ ನಿಂತರು. ಭಾರತದ ಮೊದಲ ಮಹಿಳಾ ಸರ್ಫರ್ ಅಂತ ಇಶಿತಾ ಹೆಸರು ದೇಶ ವಿದೇಶದಲ್ಲಿ ಬಂತು. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಆ ಊರಿನ ಮಕ್ಕಳು ಅವರ ಜೊತೆ ನೀರಿಗಿಳಿದದ್ದು.

ಭಾರತದ ಸರ್ಫಿಂಗ್ ಫೆಡರೇಶನ್ 2011ರಲ್ಲಿ ಶುರುವಾಗಿದ್ದೂ ಮೂಲ್ಕಿಯ ಈ ಬಳಗದ ಓಡಾಟದಿಂದ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು, ಆಮೇಲೆ 2022ರಲ್ಲಿ ಪಣಂಬೂರಿನಲ್ಲಿ. ಮೂಲ್ಕಿಯ ತನ್ವಿ ಜಗದೀಶ್ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ದೇಶವನ್ನು ಹೊರದೇಶಗಳಲ್ಲಿ ಪ್ರತಿನಿಧಿಸಿದ್ದಾರೆ. ನಿಮ್ಮ ಕಿನ್ನಿಗೋಳಿಯಿಂದ ಮೂಲ್ಕಿ ಎಷ್ಟು ದೂರ ಮಾರಾಯ್ರೆ? ಒಂದು ಭಾನುವಾರ ಬೆಳಿಗ್ಗೆ ಹೋಗಿ ದಡದಲ್ಲಿ ನಿಂತು ನೋಡಿ ಬನ್ನಿ.

ಪ್ರಶ್ನೆ: ದೊಡ್ಡ ಅಲೆ ಬರುವುದು ಜೂನ್, ಜುಲೈನಲ್ಲಿ. ಆಗ ಸರ್ಫಿಂಗ್ ಮಾಡದೆ ಮೇ ತಿಂಗಳಲ್ಲಿ ಸ್ಪರ್ಧೆ ಇಡುತ್ತಾರೆ. ಇದೇನು ಲೆಕ್ಕ? (ಇಂಜಿನಿಯರಿಂಗ್ ಹುಡುಗರು, ಸುರತ್ಕಲ್)

ಒಳ್ಳೆ ಪ್ರಶ್ನೆ. ಅಲೆ ದೊಡ್ಡದಿದ್ದರೆ ಸಾಲದು, ಸಾಲು ಸಾಲಾಗಿ ಶಿಸ್ತಿನಲ್ಲಿ ಬರಬೇಕು.

ಗಾಳಿ ಕಡಲಿನ ಮೇಲೆ ಬೀಸಿದಾಗ ಅಲೆ ಹುಟ್ಟುತ್ತದೆ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು, ಎಷ್ಟು ದೂರದ ತನಕ ಬೀಸಿತು ಅನ್ನುವುದರ ಮೇಲೆ ಅಲೆಯ ಗಾತ್ರ. ಹುಟ್ಟಿದ ಜಾಗದಲ್ಲಿ ಎಲ್ಲ ಕಲಸುಮೇಲೋಗರ. ದೂರ ಬಂದ ಹಾಗೆ ಉದ್ದದ ಅಲೆಗಳು ಮುಂದೆ, ಗಿಡ್ಡವು ಹಿಂದೆ ಅಂತ ತಾವೇ ಬೇರೆಯಾಗುತ್ತವೆ, ಯಾಕಂದರೆ ಆಳದ ನೀರಿನಲ್ಲಿ ಉದ್ದದ ಅಲೆಗೆ ವೇಗ ಜಾಸ್ತಿ. ಬೇಸಿಗೆಯಲ್ಲಿ ನಮ್ಮ ತೀರಕ್ಕೆ ಬರುವ ಒಳ್ಳೊಳ್ಳೆ ಅಲೆಗಳ ತವರು ಹಿಂದೂ ಮಹಾಸಾಗರದ ದಕ್ಷಿಣ ತುದಿ. ಅಲ್ಲಿ ಬಿರುಗಾಳಿ ಎದ್ದರೆ, ಅದರ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ಮೇಲೆ ಇಲ್ಲಿ ಕಾಣುತ್ತದೆ. ಇಲ್ಲಿ ಗಾಳಿಯೇ ಇಲ್ಲದೆ, ಮಳೆಯೇ ಇಲ್ಲದೆ, ಏಪ್ರಿಲ್ ಮೇ ತಿಂಗಳಲ್ಲಿ ಒಮ್ಮೆಲೇ ನೀರು ತೀರದ ರಸ್ತೆಗೆ ನುಗ್ಗುವುದಿದೆಯಲ್ಲ, ಅದರ ಮೂಲವೂ ಇದೇ. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈಗ ಅದೇ ಹೆಸರಿನಲ್ಲಿ ಮುನ್ನೆಚ್ಚರಿಕೆ ಕೊಡುತ್ತದೆ. ಕಡಲಿಗಿಳಿಯುವ ಯಾರೇ ಆಗಲಿ ಅದನ್ನು ದಿನಾ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಮಳೆಗಾಲದಲ್ಲಿ ಗಾಳಿ ಇಲ್ಲೇ, ನಮ್ಮ ತಲೆಯ ಮೇಲೆಯೇ ಬೀಸುತ್ತದೆ. ಅಲೆ ದೊಡ್ಡದು, ಆದರೆ ಒಂದರ ಬೆನ್ನಿಗೆ ಒಂದು, ದಿಕ್ಕಿಲ್ಲದೆ ಮುರಿಯುತ್ತದೆ. ನದಿಗಳಲ್ಲಿ ನೆರೆ. ಅಳಿವೆಯಲ್ಲಿ ಹೊರಗೆ ಎಳೆಯುವ ಸೆಳೆತ, ಜೊತೆಗೆ ತೇಲಿ ಬರುವ ಮರದ ದಿಮ್ಮಿಗಳು. ನೀರು ಕೆಂಪು, ಕೆಳಗೆ ಏನಿದೆ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೇ ರಜೆ ಇರುತ್ತದೆ. ಮೀನಿನ ಮರಿಗಳಿಗಾಗಿ ಮಾಡಿದ ನಿಯಮ ಅದು, ಆದರೂ ಆ ಹೊತ್ತಿನ ಕಡಲು ಎಂಥದ್ದು ಅಂತ ಮಲ್ಪೆ ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೇ ಕೊನೆಯ ಹೊತ್ತಿಗೆ ದೂರದ ಅಲೆ ಬಲವಾಗಿರುತ್ತದೆ, ಇಲ್ಲಿನ ಗಾಳಿ ಇನ್ನೂ ಪೂರ್ತಿ ಕೆರಳಿರುವುದಿಲ್ಲ. ಪಳಗಿದವರ ಸ್ಪರ್ಧೆಗೆ ಅದು ಹದವಾದ ಸಮಯ. ಹೊಸಬರಿಗೆ ಅದೂ ಜಾಸ್ತಿಯೇ. ನೀವು ಕಲಿಯುವುದಾದರೆ ಅಕ್ಟೋಬರ್‌ನಿಂದ ಫೆಬ್ರವರಿ ತನಕ, ಬೆಳಗಿನ ಹೊತ್ತು. ಮಧ್ಯಾಹ್ನ ಕಡಲಗಾಳಿ ಎದ್ದು ನೀರು ಕದಡುತ್ತದೆ.

ಇಂಜಿನಿಯರಿಂಗ್ ಓದುವವರು ಅಂತ ಇನ್ನೊಂದು ಮಾತು. ಅಲೆಯ ಎತ್ತರ ಒಂದು ಮೀಟರ್ ಇದ್ದರೆ ಅದು ಸುಮಾರು 1.3 ಮೀಟರ್ ಆಳದಲ್ಲಿ ಮುರಿಯುತ್ತದೆ. ಅಂದರೆ ಮುರಿಯುವ ಜಾಗ ನೋಡಿಯೇ ಕೆಳಗಿನ ಮರಳು ಎಲ್ಲಿ ಎತ್ತರ, ಎಲ್ಲಿ ಗುಂಡಿ ಅಂತ ಅಂದಾಜು ಮಾಡಬಹುದು. ದಡದಲ್ಲಿ ಕೂತು ಅರ್ಧ ಗಂಟೆ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ಮಗಳಿಗೆ 13 ವರ್ಷ. ಸರ್ಫಿಂಗ್ ಕ್ಲಾಸಿಗೆ ಸೇರುತ್ತೇನೆ ಅಂತ ಹಠ. ನನಗೆ ನೀರಿನ ಭಯ, ಅವಳ ಅಜ್ಜಿಗೆ ಮಗು ಕಪ್ಪಾಗುತ್ತದೆ ಅನ್ನುವ ಚಿಂತೆ. ಏನು ಮಾಡಲಿ? (ಒಬ್ಬ ತಾಯಿ, ಕಾಪು)

ಅಮ್ಮ, ನಿಮ್ಮ ಭಯ ಸರಿಯಾದದ್ದು. ಅಜ್ಜಿಯ ಚಿಂತೆಯನ್ನು ಬಿಟ್ಟುಬಿಡಿ.

ಮೊದಲು ಈಜು. ಆಳದ ನೀರಿನಲ್ಲಿ ಹಲಗೆ ಇಲ್ಲದೆ, ಗಾಬರಿಯಾಗದೆ ತೇಲಲು, ಸ್ವಲ್ಪ ದೂರ ಈಜಲು ಬರುತ್ತದಾ? ಇಲ್ಲವಾದರೆ ಮೊದಲು ಅದನ್ನು ಕಲಿಸಿ. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗ ಇರುತ್ತದೆ, 1970ರ ದಶಕದಲ್ಲಿ ಬಂದದ್ದು ಅದು. ಅದಕ್ಕೂ ಮುಂಚೆ ಹಲಗೆ ಕೈ ಜಾರಿದರೆ ದಡದ ತನಕ ಈಜಬೇಕಿತ್ತು. ಹಗ್ಗ ಒಳ್ಳೆಯದೇ, ಆದರೆ ಯಾವತ್ತಾದರೂ ತುಂಡಾಗಬಹುದು. ಆ ದಿನ ಉಳಿಸುವುದು ಈಜು ಮಾತ್ರ.

ಆಮೇಲೆ ಸೆಳೆತ. ನಮ್ಮ ಬೀಚುಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಇದರಿಂದ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲು ಮರಳು ದಿಬ್ಬದ ನಡುವೆ ಒಂದು ಓಣಿ ಹುಡುಕಿಕೊಳ್ಳುತ್ತದೆ. ಆ ಓಣಿಯಲ್ಲಿ ಅಲೆ ಮುರಿಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ, ಊರಿಗೆ ಹೊಸಬರು ಸೀದಾ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ಎದುರು ಈಜಬಾರದು, ಎಂಥ ಈಜುಗಾರನಿಗೂ ಆಗುವುದಿಲ್ಲ. ತೇಲುತ್ತಾ, ಕೈ ಎತ್ತಿ ಸಹಾಯ ಕೇಳುತ್ತಾ, ದಡಕ್ಕೆ ಅಡ್ಡವಾಗಿ ಈಜಿ ಅಲೆ ಮುರಿಯುವ ಕಡೆಗೆ ಬಂದರೆ ಆ ಅಲೆಗಳೇ ದಡಕ್ಕೆ ತರುತ್ತವೆ. ಒಳ್ಳೆ ಕೋಚ್ ಮೊದಲ ದಿನ ಹಲಗೆ ಕೊಡುವ ಮುಂಚೆ ಮರಳಿನಲ್ಲಿ ಕೂರಿಸಿ ಇದನ್ನು ಹೇಳಿಕೊಡುತ್ತಾರೆ. ಹೇಳದಿದ್ದರೆ ಆ ಕ್ಲಾಸು ಬೇಡ. ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು, ಮೊದಲು ಕೊಡುವ ಹಲಗೆ ಮೆತ್ತನೆಯ ಫೋಮಿನದ್ದಾ, ಅವರಿಗೆ ಜೀವರಕ್ಷಕ ತರಬೇತಿ ಆಗಿದೆಯಾ ಅಂತ ಸಂಕೋಚ ಇಲ್ಲದೆ ಕೇಳಿ.

ಇನ್ನು ಬಣ್ಣ. ಬಿಸಿಲಿಗೆ ತುಂಬು ತೋಳಿನ ಈಜು ಅಂಗಿ, ಸನ್‌ಸ್ಕ್ರೀನ್ ಸಾಕು. ಚರ್ಮ ಸುಡದ ಹಾಗೆ ನೋಡಿಕೊಳ್ಳುವುದು ಆರೋಗ್ಯಕ್ಕಾಗಿ. ಕಪ್ಪಾದರೆ ಏನಾಯಿತು? ಹವಾಯಿಯ ರಾಜಕುಮಾರಿ ಕಾಯಿಯುಲಾನಿ ಒಳ್ಳೆ ಸರ್ಫರ್ ಆಗಿದ್ದಳು, ಅವಳ ಹಲಗೆ ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿದೆ. ಟೋಕಿಯೊ ಒಲಿಂಪಿಕ್ಸ್‌ನ ಸರ್ಫಿಂಗ್‌ನಲ್ಲಿ 20 ಗಂಡಸರು, 20 ಹೆಂಗಸರು. ವರ್ಲ್ಡ್ ಸರ್ಫ್ ಲೀಗ್ 2019ರಿಂದ ಇಬ್ಬರಿಗೂ ಒಂದೇ ಬಹುಮಾನದ ಮೊತ್ತ ಕೊಡುತ್ತಿದೆ. ನಮ್ಮ ಹೆಣ್ಣುಮಕ್ಕಳು ಕಡಲ ಬದಿಯಲ್ಲೇ ಹುಟ್ಟಿ ನೀರಿಗೆ ಇಳಿಯದೆಯೇ ದೊಡ್ಡವರಾಗುತ್ತಾರೆ, ಅದು ನನಗೆ ಬಹಳ ಬೇಸರದ ವಿಷಯ. ಸಾಧ್ಯವಾದರೆ ಈಜು ಕ್ಲಾಸಿಗೆ ನೀವೂ ಅವಳ ಜೊತೆ ಸೇರಿ.

ಪ್ರಶ್ನೆ: ನಾವು ಕೈರಂಪಣಿ ಬಲೆ ಎಳೆಯುವ ಜಾಗಕ್ಕೇ ಸರ್ಫಿಂಗ್‌ನವರು ಬರುತ್ತಾರೆ. ಸ್ಪರ್ಧೆ ಇದ್ದರೆ ಆ ಕಡೆ ಹೋಗಬೇಡಿ ಅಂತ ನಮಗೇ ಹೇಳುತ್ತಾರೆ. ಕಡಲು ಯಾರದ್ದು? (ಮೀನುಗಾರರು, ಹೆಜಮಾಡಿ ಕಡೆಯವರು)

ಹೊಟ್ಟೆಪಾಡಿಗೆ ಇಳಿದವರದ್ದು ಮೊದಲ ಹಕ್ಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಲೆ ಬಿಟ್ಟಿರುವಾಗ ಅದರ ಸುತ್ತಿನೊಳಗೆ ಹಲಗೆ ತರಬಾರದು. ಮೀನಿನ ಗುಂಪು ಚದುರಿದರೆ ಅವತ್ತಿನ ದುಡಿಮೆ ಹೋಯಿತು, ಜೊತೆಗೆ ಕಾಲಿನ ಹಗ್ಗ ಬಲೆಗೆ ಸಿಕ್ಕಿದರೆ ಆ ಹುಡುಗನ ಜೀವಕ್ಕೂ ಅಪಾಯ.

ಇಂಥ ಜಗಳ ಹವಾಯಿಯಲ್ಲೂ ಆಗಿದೆ, ಮತ್ತು ಅದರಿಂದ ಕಲಿಯಬೇಕಾದ್ದು ತುಂಬ ಇದೆ. 1970ರ ದಶಕದಲ್ಲಿ ಒವಾಹು ದ್ವೀಪದ ಉತ್ತರ ತೀರದಲ್ಲಿ ವೃತ್ತಿಪರ ಸ್ಪರ್ಧೆಗಳು ಹೆಚ್ಚಾದವು. ಚಳಿಗಾಲದ ಒಳ್ಳೆ ಅಲೆಗಳೆಲ್ಲ ಸ್ಪರ್ಧೆಗೆ ಮೀಸಲು, ಊರಿನವರು ದಡದಲ್ಲಿ ನಿಂತು ನೋಡಬೇಕು. ಹೊರಗಿಂದ ಬಂದ ಕೆಲವು ಆಸ್ಟ್ರೇಲಿಯಾದ ಹುಡುಗರು ಪತ್ರಿಕೆಗಳಲ್ಲಿ ದೊಡ್ಡ ಮಾತು ಬೇರೆ ಆಡಿದರು. 1976ರಲ್ಲಿ ಊರಿನವರು ಹುಯಿ ಓ ಹೇಎ ನಾಲು ಅಂತ ಸಂಘ ಕಟ್ಟಿ ಎದುರು ನಿಂತರು. ಹೊಡೆದಾಟಗಳೂ ಆದವು. ಆಗ ನಡುವೆ ಬಂದು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದ್ದು ಎಡ್ಡಿ ಐಕಾವ್.

ಈ ಎಡ್ಡಿ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಲಿನ ವೈಮಿಯಾ ಕೊಲ್ಲಿಗೆ 1968ರಲ್ಲಿ ನೇಮಕವಾದ ಜೀವರಕ್ಷಕ. ಬೇರೆಯವರು ಇಳಿಯಲು ಹೆದರುವ ಅಲೆಗೆ ಇಳಿದು ನೂರಾರು ಜನರನ್ನು ಎಳೆದು ತಂದವನು. 1978ರ ಮಾರ್ಚ್‌ನಲ್ಲಿ ಹಳೆ ಕಾಲದ ಮಾದರಿಯಲ್ಲಿ ಕಟ್ಟಿದ ಹೋಕುಲೇಅ ಅನ್ನುವ ದೋಣಿಯಲ್ಲಿ ಹೊರಟಿದ್ದಾಗ ಅದು ರಾತ್ರಿ ಮಗುಚಿತು. ಉಳಿದವರಿಗಾಗಿ ಸಹಾಯ ತರುತ್ತೇನೆ ಅಂತ ತನ್ನ ಸರ್ಫ್ ಹಲಗೆ ಹಿಡಿದು ಹೊರಟವನು ಮತ್ತೆ ಸಿಗಲಿಲ್ಲ. ದೋಣಿಯಲ್ಲಿ ಇದ್ದವರನ್ನು ಆಮೇಲೆ ಕಾಪಾಡಿದರು. ಎಡ್ಡಿಗೆ ಆಗ 31 ವರ್ಷ. ಅವನ ಹೆಸರಿನ ಸ್ಪರ್ಧೆಯನ್ನು ಅಲೆ ತೀರಾ ದೊಡ್ಡದಿದ್ದ ವರ್ಷ ಮಾತ್ರ ನಡೆಸುತ್ತಾರೆ. 2023ರ ಜನವರಿಯಲ್ಲಿ ಅದನ್ನು ಗೆದ್ದದ್ದು ಅವತ್ತು ಅದೇ ಬೀಚಿನಲ್ಲಿ ಡ್ಯೂಟಿಯಲ್ಲಿದ್ದ ಜೀವರಕ್ಷಕ ಲ್ಯೂಕ್ ಶೆಪರ್ಡ್‌ಸನ್. ಬಿಡುವು ಕೇಳಿಕೊಂಡು ನೀರಿಗಿಳಿದು, ತನ್ನ ಸರದಿ ಮುಗಿಸಿ, ಮತ್ತೆ ಕಾವಲಿಗೆ ಕೂತವನು!

ಹಾಗಾಗಿ ನನ್ನ ಸಲಹೆ ಇಷ್ಟು. ಸ್ಪರ್ಧೆಯ ದಿನಾಂಕ ಗೊತ್ತು ಮಾಡುವ ಮುಂಚೆ ನಿಮ್ಮ ಗ್ರಾಮಸಭೆಯನ್ನು, ಮೀನುಗಾರರ ಸಂಘವನ್ನು ಕೇಳಲೇಬೇಕು ಅಂತ ಪಟ್ಟು ಹಿಡಿಯಿರಿ. ನಿಮ್ಮ ಮನೆಯ ಹುಡುಗರಿಗೆ ಕೋಚ್ ಕೆಲಸ, ಜೀವರಕ್ಷಕ ಕೆಲಸ ಮೊದಲು ಸಿಗಬೇಕು ಅಂತಲೂ ಹೇಳಿ. ಸರ್ಫಿಂಗ್‌ನವರಿಗೂ ಅವರದ್ದೇ ನಿಯಮವಿದೆ: ಅಲೆ ಮೊದಲು ಮುರಿಯುವ ಜಾಗಕ್ಕೆ ಹತ್ತಿರ ಇರುವವನದ್ದು ಆ ಅಲೆ, ಬೇರೆಯವರು ಅಡ್ಡ ಹೋಗಬಾರದು. ಬಲೆಗೆ ಅಡ್ಡ ಹೋಗಬಾರದು ಅನ್ನುವುದನ್ನು ಅದರ ಜೊತೆಗೇ ಕಲಿಸಿದರೆ ಆಯಿತು.

ಪ್ರಶ್ನೆ: ಒಳ್ಳೆ ಬೋರ್ಡ್ ಖರೀದಿಸಬೇಕು, ಯಾವುದು ತಗೊಳ್ಳಲಿ? (ಬಿ.ಕಾಂ. ವಿದ್ಯಾರ್ಥಿ, ಬಜ್ಪೆ)

ಈಗಲೇ ಬೇಡ. ಒಂದು ಸೀಸನ್ ಬಾಡಿಗೆಗೆ ತಗೊಳ್ಳಿ. ಕಲಿಯುವವರಿಗೆ 8ರಿಂದ 9 ಅಡಿ ಉದ್ದದ, ಅಗಲವಾದ, ಮೇಲೆ ಮೆತ್ತನೆಯ ಫೋಮ್ ಇರುವ ಬೋರ್ಡ್ ಸರಿ. ವಿಡಿಯೋದಲ್ಲಿ ಕಾಣುವ ಚೂಪು ಮೂತಿಯ ಗಿಡ್ಡ ಬೋರ್ಡ್ ಮೇಲೆ ಹೊಸಬರು ನಿಲ್ಲುವುದಕ್ಕೇ ಆಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಸರ್ಫಿಂಗ್ ಒಲಿಂಪಿಕ್ಸ್‌ನಲ್ಲಿ ಇದೆಯಾ? ಭಾರತಕ್ಕೆ ಪದಕ ಬರುವ ಆಸೆ ಇಟ್ಟುಕೊಳ್ಳಬಹುದಾ? (ಓದುಗರು, ಕುಂದಾಪುರ)

ಇದೆ. ಮೊದಲ ಸಲ ಟೋಕಿಯೊ 2020ರಲ್ಲಿ, ಕೊರೋನಾದಿಂದಾಗಿ ಅದು ನಡೆದದ್ದು 2021ರಲ್ಲಿ. ಬ್ರೆಜಿಲ್‌ನ ಮೀನುಗಾರರ ಊರೊಂದರ ಹುಡುಗ ಇಟಾಲೊ ಫೆರೇರಾ ಗಂಡಸರ ಚಿನ್ನ ಗೆದ್ದ. ಚಿಕ್ಕಂದಿನಲ್ಲಿ ಅಪ್ಪ ಮೀನು ಇಡುತ್ತಿದ್ದ ಐಸ್ ಡಬ್ಬಿಯ ಥರ್ಮೋಕೋಲ್ ಮುಚ್ಚಳವೇ ಅವನ ಬೋರ್ಡ್ ಆಗಿತ್ತು. ಮಲ್ಪೆ, ಬಂದರು ಕಡೆಯ ಮಕ್ಕಳಿಗೆ ಈ ಒಂದು ಸಂಗತಿಯನ್ನು ಖಂಡಿತ ಹೇಳಿ. ಹೆಂಗಸರ ಚಿನ್ನ ಹವಾಯಿಯ ಕರಿಸ್ಸಾ ಮೂರ್‌ಗೆ. ಡ್ಯೂಕ್ ಕಹಾನಮೋಕು ತನ್ನ ಕಾಲದಲ್ಲೇ ಬಯಸಿದ್ದು ಇದು, ಬರಲು ನೂರು ವರ್ಷ ಹಿಡಿಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದದ್ದು ಪ್ಯಾರಿಸ್‌ನಿಂದ 15 ಸಾವಿರ ಕಿಲೋಮೀಟರ್‌ಗಿಂತ ದೂರದ ತಾಹಿಟಿಯಲ್ಲಿ. ಅಲ್ಲಿನವನೇ ಆದ ಕೌಲಿ ವಾಸ್ಟ್ ಚಿನ್ನ ಗೆದ್ದ.

ಭಾರತಕ್ಕೆ ಒಲಿಂಪಿಕ್ಸ್ ಇನ್ನೂ ದೂರ. ಆದರೆ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚು ಗೆದ್ದರು, ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ. ಸದ್ಯಕ್ಕೆ ತಮಿಳುನಾಡಿನ ತೀರದ ಹುಡುಗರು ನಮಗಿಂತ ಮುಂದಿದ್ದಾರೆ, ಅವರಲ್ಲಿ ಎಷ್ಟೋ ಮಂದಿ ಮೀನುಗಾರರ ಮನೆಯವರು. ನಾವು ಮೊದಲು ಶುರು ಮಾಡಿದೆವು ಅಂತ ಹೇಳಿಕೊಂಡು ಕೂತರೆ ಆಗುವುದಿಲ್ಲ.

ಪ್ರಶ್ನೆ: ಕಡಲ್ಕೊರೆತಕ್ಕೆ ಕಲ್ಲು ಹಾಕುತ್ತಲೇ ಇದ್ದಾರೆ. ಇದರಿಂದ ಸರ್ಫಿಂಗ್ ಅಲೆ ಹಾಳಾಗುತ್ತದಾ? (ಓದುಗರು, ಉಳ್ಳಾಲ)

ಆಗಬಹುದು. ಆದರೆ ಮನೆ ಕಳೆದುಕೊಳ್ಳುತ್ತಿರುವವರ ಎದುರು ಅಲೆಯ ಆಟದ ಮಾತಾಡುವುದು ಸರಿಯಲ್ಲ, ಹಾಗಾಗಿ ಎರಡನ್ನೂ ಒಟ್ಟಿಗೆ ನೋಡೋಣ. ತೀರದಲ್ಲಿ ಮರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಲೇ ಇರುತ್ತದೆ. ಅಳಿವೆಗೆ ಉದ್ದದ ಕಲ್ಲಿನ ಗೋಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿಗೆ ಸಿಗದೆ ಅಲ್ಲಿ ಕೊರೆತ ಜಾಸ್ತಿಯಾಗುತ್ತದೆ. ಆಸ್ಟ್ರೇಲಿಯಾದ ಟ್ವೀಡ್ ನದಿಯಲ್ಲಿ 1960ರ ದಶಕದಲ್ಲಿ ಹೀಗೇ ಆಯಿತು. ಗೋಡೆ ಉದ್ದ ಮಾಡಿದರು, ಉತ್ತರದ ಗೋಲ್ಡ್ ಕೋಸ್ಟ್ ಬೀಚುಗಳು ಸವೆದವು. ಕೊನೆಗೆ 2001ರಿಂದ ಒಂದು ಬದಿಯ ಮರಳನ್ನು ಪಂಪ್ ಮಾಡಿ ಇನ್ನೊಂದು ಬದಿಗೆ ಹಾಕುವ ಏರ್ಪಾಡು ಮಾಡಿದರು. ಬೀಚುಗಳಿಗೆ ಮರಳು ವಾಪಸ್ ಬಂತು, ಜೊತೆಗೆ ಅಲ್ಲಿ ಜಗತ್ತಿನ ಹೆಸರುವಾಸಿ ಅಲೆಗಳಲ್ಲಿ ಒಂದು ರೂಪುಗೊಂಡಿತು. ಪೆರು ದೇಶ 2000ದಲ್ಲಿ ಸರ್ಫಿಂಗ್ ಅಲೆಗಳನ್ನು ಕಾಪಾಡುವ ಕಾನೂನನ್ನೇ ಮಾಡಿದೆ.

ನಮ್ಮಲ್ಲಿ ಕಲ್ಲಿನ ಟೆಂಡರ್ ಕರೆಯುವ ಮುಂಚೆ ಮರಳು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ವರ್ಷಪೂರ್ತಿ ಅಳೆಯಬೇಕು, ಆ ಲೆಕ್ಕವನ್ನು ಊರಿನವರ ಎದುರು ಇಡಬೇಕು. ನದಿಯ ಮರಳನ್ನೂ ಬಾಚಿ, ಅಳಿವೆಯಲ್ಲೂ ತಡೆದರೆ ಬೀಚಿಗೆ ಮರಳು ಬರುವುದಾದರೂ ಎಲ್ಲಿಂದ?

ಪ್ರಶ್ನೆ: ವಯಸ್ಸು 52. ಈಗ ಕಲಿಯಬಹುದಾ, ನಗ್ತಾರಾ? (ಬ್ಯಾಂಕ್ ಉದ್ಯೋಗಿ, ಮಂಗಳೂರು)

ಯಾರೂ ನಗುವುದಿಲ್ಲ. ವೈಕೀಕಿಯ ರ್‍ಯಾಬಿಟ್ ಕೆಕಾಯ್, ಚಿಕ್ಕಂದಿನಲ್ಲಿ ಡ್ಯೂಕ್‌ನಿಂದ ಕಲಿತವರು, 80 ದಾಟಿದ ಮೇಲೂ ಸ್ಪರ್ಧೆಗೆ ಇಳಿಯುತ್ತಿದ್ದರು. ಅವರು ಮಗುವಾಗಿದ್ದಾಗಲೇ ಶುರು ಮಾಡಿದವರು, ನಿಮಗೆ ಸ್ವಲ್ಪ ನಿಧಾನ ಆಗಬಹುದು ಅಷ್ಟೆ. ಬಿ.ಪಿ., ಮಂಡಿ, ಭುಜ ಒಮ್ಮೆ ಡಾಕ್ಟರಿಗೆ ತೋರಿಸಿ. ಮೊದಲು ಶಾಂಭವಿ ನದಿಯಲ್ಲಿ ಹಲಗೆ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡ್ಲಿಂಗ್ ಕಲಿಯಿರಿ, ಸಮತೋಲನ ಬರುತ್ತದೆ. ಆಮೇಲೆ ಕಡಲಿನಲ್ಲಿ ಸೊಂಟದ ಆಳದ ನೊರೆ ಅಲೆಯಲ್ಲಿ, ಹಲಗೆ ಮೇಲೆ ಮಲಗಿಯೇ ಕೆಲವು ದಿನ ದಡಕ್ಕೆ ಬನ್ನಿ. ಎದ್ದು ನಿಲ್ಲಲು ಅವಸರ ಬೇಡ. ಮನೆಯಲ್ಲಿ ನೆಲದ ಮೇಲೆ ಮಲಗಿ ಒಮ್ಮೆಲೇ ಎದ್ದು ನಿಲ್ಲುವ ಅಭ್ಯಾಸ ದಿನಾ ಮಾಡಿ. ಅಕ್ಟೋಬರ್ ಹೊತ್ತಿಗೆ ಕ್ಲಾಸುಗಳು ಶುರುವಾಗುತ್ತವೆ, ಬೆಳಗ್ಗಿನ ಬ್ಯಾಚಿಗೇ ಹೆಸರು ಕೊಡಿ.